ಐದಕ್ಷರದ ಜೋಳ

ಬೆಳಗ್ಗೆ ಎದ್ದ ಕೂಡಲೇ ನಾನು ಮೊದಲು ಮುಖ ತೋರಿಸುವುದು ಐದು ಖಾಲಿ ಚೌಕಗಳಿಗೆ. ಇಷ್ಟಲಿಂಗದ ಪಾಳಿ ಅದಾದ ಮೇಲೆ. ಪೂಜೆ ತಪ್ಪಿದ ದಿನ ಏನೂ ಅನ್ನಿಸದ ನನಗೆ, ಚೌಕ ತಪ್ಪಿದ ದಿನ ಕಾಲೇಜಿನಲ್ಲಿ ಪಾಠ ಹತ್ತುವುದಿಲ್ಲ. ಇದನ್ನು ನೀವು ಯಾರಿಗೂ ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೊಬೈಲಿನಲ್ಲಿ ದಿನಕ್ಕೊಂದು ಐದಕ್ಷರದ ಇಂಗ್ಲಿಷ್ ಪದ ಅಡಗಿ ಕೂತಿರುತ್ತದೆ. ಆರು ಸಲದೊಳಗೆ ಅದನ್ನು ಹಿಡಿಯಬೇಕು. ನೀವು ಹಾಕಿದ ಅಕ್ಷರ ಅದರಲ್ಲಿದ್ದು ಜಾಗವೂ ಸರಿಯಿದ್ದರೆ ಚೌಕ ಹಸಿರಾಗುತ್ತದೆ. ಅಕ್ಷರ ಇದೆ, ಜಾಗ ತಪ್ಪಿದೆ ಎಂದರೆ ಹಳದಿ. ಇಲ್ಲವೇ ಇಲ್ಲ ಎಂದರೆ ಬೂದಿಬಣ್ಣ. ಗಡಿಯಲ್ಲಿ ಹುಟ್ಟಿದವರಿಗೆ ಆ ಹಳದಿ ಚೌಕ ಹೊಸದಲ್ಲ. ಬೀದರಿಗೆ ಹೋದರೆ ‘ನೀವು ಮಹಾರಾಷ್ಟ್ರದವರಲ್ರಿ’ ಎನ್ನುತ್ತಾರೆ, ಲಾತೂರಿಗೆ ಹೋದರೆ ‘ತುಮ್ಹಿ ಕಾನಡಿ ನಾ’ ಎನ್ನುತ್ತಾರೆ. ಅಕ್ಷರ ಇದೆ, ಜಾಗ ತಪ್ಪಿದೆ.

ನಾನು ಲಾತೂರ ಜಿಲ್ಲೆಯ ನಿಲಂಗಾದ ಒಂದು ಜೂನಿಯರ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಮರಾಠಿ, ಪದವಿಯಲ್ಲಿ ಇಂಗ್ಲಿಷ್: ಮೂರು ಭಾಷೆಗಳಲ್ಲಿ ತಡವರಿಸುವ ಯೋಗ್ಯತೆ ವಿಶ್ವವಿದ್ಯಾಲಯದಿಂದಲೇ ಬಂದದ್ದು. ಅಂಥ ನಾನು ಆಟದಲ್ಲಿ ಸಿಕ್ಕಿಬಿದ್ದಾಗ ಏನು ಮಾಡುತ್ತೇನೆಂದರೆ, ಅಂತರ್ಜಾಲದಲ್ಲಿ ಪಟ್ಟಿ ಹುಡುಕುತ್ತೇನೆ. ‘ಎ, ಓ, ಆರ್ ಮೂರೂ ಇರುವ ಐದಕ್ಷರದ ಪದಗಳು’ ಎಂದು ಕೇಳಿದರೆ ಸಾಕು, ಯಾವನೋ ಪುಣ್ಯಾತ್ಮ ಸಾಲಾಗಿ ಜೋಡಿಸಿ ಇಟ್ಟಿರುತ್ತಾನೆ. ಅದರಲ್ಲಿ ಅರ್ಧ ಪದಗಳನ್ನು ನಾನು ಎಂದೂ ಆಡಿಲ್ಲ, ಇನ್ನರ್ಧ ಆಡುವುದಿಲ್ಲ. ಪರೀಕ್ಷೆಯಲ್ಲಿ ಚೀಟಿ ಹಿಡಿದವರನ್ನು ಹೊರಗೆ ನಿಲ್ಲಿಸುವ ಕೈಯೇ ಈ ಚೀಟಿಯನ್ನು ನೋಡುತ್ತದೆ. ಸಿಕ್ಕಿದ ಪದವನ್ನು ಚೌಕದಲ್ಲಿ ತುಂಬಿ, ‘ಮೂರನೇ ಸಲಕ್ಕೇ ಬಂತು’ ಎಂದು ಗೆಳತಿಯರಿಗೆ ಕಳಿಸುತ್ತದೆ.

ಒಮ್ಮೆ ಬೇಸರದಲ್ಲಿ ನಮ್ಮೂರ ಹೆಸರುಗಳನ್ನೇ ಹಾಕಿ ನೋಡಿದೆ. ಇಂಗ್ಲಿಷಿನಲ್ಲಿ ಬರೆದರೆ ಉದಗೀರ ಐದಕ್ಷರ, ಲಾತೂರ ಐದು, ಬೀದರ ಐದು, ಔರಾದ ಕೂಡ ಐದೇ. ಆಟ ನಾಲ್ಕನ್ನೂ ‘ಪದಪಟ್ಟಿಯಲ್ಲಿ ಇಲ್ಲ’ ಎಂದು ತಳ್ಳಿತು. ಮಹಾರಾಷ್ಟ್ರದ್ದು ಯಾವುದು, ಕರ್ನಾಟಕದ್ದು ಯಾವುದು ಎಂದು ನೋಡದೆ, ಇಷ್ಟು ನಿಷ್ಪಕ್ಷಪಾತವಾಗಿ ಈ ಗಡಿಯ ಊರುಗಳನ್ನು ಯಾರೂ ನೋಡಿಕೊಂಡದ್ದಿಲ್ಲ. ನಿಲಂಗಾ, ಉಮರಗಾ ಎರಡೂ ಐದು ಮೀರಿ ಬೆಳೆದಿರುವುದರಿಂದ ಅವಮಾನದಿಂದ ಪಾರಾದವು.

ಈ ಆಟದಿಂದಾಗಿ ನನ್ನಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ನೆನಪಿನಿಂದಲೇ ಬರೆಯಬಹುದಿತ್ತು. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಸುಳ್ಳು ಹೇಳುತ್ತದೆ ಎಂದಲ್ಲ. ನನ್ನ ಪರವಾಗಿ ವಕೀಲಿ ಮಾಡುತ್ತದೆ. ಅದಕ್ಕೆ ದಿನಚರಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಕೂತಿದ್ದೇನೆ. ದಿನಚರಿಯೂ ನಾನೇ ಬರೆದದ್ದು, ಹೌದು. ಆದರೂ ಅದಕ್ಕೆ ಆವತ್ತಿನ ನನ್ನ ಪರ ವಾದಿಸುವಷ್ಟೇ ಸಮಯ ಸಿಕ್ಕಿತ್ತು. ನೆನಪಿಗೆ ಅಲ್ಲಿಂದ ಇಲ್ಲಿಯವರೆಗೆ ಸಿಕ್ಕಿದೆ.

ನಮ್ಮ ಪಕ್ಕದ ಮನೆಯಲ್ಲಿ ಭಾಗವ್ವ ಕಾಕು ಇದ್ದಾಳೆ. ಊರು ತುರೋರಿ. ಮಗನಿಗೆ ನಿಲಂಗಾ ಕೋರ್ಟಿನಲ್ಲಿ ಕೆಲಸ. ಗಂಡ ತುರೋರಿಯ ಹೊಲ ಬಿಟ್ಟು ಬರುವುದಿಲ್ಲ, ಕಾಕು ಮೊಮ್ಮಗಳನ್ನು ಬಿಟ್ಟು ಹೋಗುವುದಿಲ್ಲ. ವಾರಕ್ಕೊಮ್ಮೆ ಎಸ್‌ಟಿ ಬಸ್ಸಿನಲ್ಲಿ ಸಂಸಾರ ನಡೆಯುತ್ತದೆ. ಮೊಮ್ಮಗಳು ಗೌರಿಗೆ ಆರು ವರ್ಷ. ಕಾಕುವನ್ನು ಆಯಿ ಎನ್ನುತ್ತಾಳೆ. ಮರಾಠಿಯಲ್ಲಿ ಆಯಿ ಎಂದರೆ ತಾಯಿ, ನಮ್ಮ ಕಡೆಯ ಕನ್ನಡದಲ್ಲಿ ಅಜ್ಜಿ. ತಾಯಿ ಮಮ್ಮಿಯಾಗಿ ಜಾಗ ಖಾಲಿ ಮಾಡಿರುವುದರಿಂದ ಜಗಳವಿಲ್ಲ.

ಆ ಮಮ್ಮಿ, ಅಂದರೆ ಕಾಕುವಿನ ಸೊಸೆ ಅಶ್ವಿನಿ, ಉದಗೀರದ ಹುಡುಗಿ. ಕೆಟ್ಟವಳಲ್ಲ. ಆದರೆ ಗೌರಿಯ ಇಂಗ್ಲಿಷ್ ಶಾಲೆಯಿಂದ ‘ಮನೆಯಲ್ಲಿ ಇಂಗ್ಲಿಷ್ ವಾತಾವರಣ ಇರಲಿ’ ಎಂದು ಚೀಟಿ ಬಂದ ದಿನದಿಂದ ಆಕೆಗೆ ನಿದ್ದೆಯಿಲ್ಲ. ‘ಗೌರಿ, ಹ್ಯಾಂಡ್ ತೊಳ್ಕೋ, ಆಮ್ಯಾಲ ಬನಾನಾ ತಿನ್ನು’ ಎಂಬ ಧ್ವನಿ ನಮ್ಮ ಅಡಿಗೆಮನೆಯ ಕಿಟಕಿಯಿಂದ ಕೇಳುತ್ತಿತ್ತು. ನಾಮಪದಗಳೆಲ್ಲ ಅವರವು, ಕ್ರಿಯಾಪದಗಳೆಲ್ಲ ನಮ್ಮವು. ವಾತಾವರಣ ಎಂದರೆ ಇದೇ ಇರಬೇಕು: ಮೋಡ ಅವರದು, ಒದ್ದೆಯಾಗುವುದು ನಾವು.

ಸಂಜೆ ಐದರಿಂದ ಆರು ಗೌರಿಯ ಅಭ್ಯಾಸದ ತಾಸು. ಆ ತಾಸಿನಲ್ಲಿ ಕಾಕು ಖೋಲಿಯೊಳಗೆ ಇರಕೂಡದು.

“ಅತ್ತಿ, ನೀವು ನಡುವ ನಡುವ ಮಾತಾಡ್ತೀರಿ, ಆಕಿ ಎಲ್ಲಾ ನಿಮ್ಮಂಗೇ ಅಂತಾಳ,” ಎಂದಿದ್ದಳಂತೆ ಅಶ್ವಿನಿ. “ಸಾಲ್ಯಾಗ ಟೇಬಲ್‌ಗೆ ‘ಟೇಬಲ್ಲಾ’ ಅಂದು ಬಂದಾಳ.”

ಹಾಗಾಗಿ ಐದಕ್ಕೆ ಕಾಕು ನಮ್ಮ ಕಟ್ಟೆಗೆ ಬರುತ್ತಿದ್ದಳು. ನಾನು ಅದೇ ಹೊತ್ತಿಗೆ ಕಾಲೇಜಿನಿಂದ ಬಂದು, ಬೆಳಗ್ಗೆ ಅರ್ಧಕ್ಕೆ ನಿಂತ ಆಟವನ್ನು ಮುಂದುವರಿಸುತ್ತ ಕೂತಿರುತ್ತಿದ್ದೆ. ಕಾಕು ಬಗ್ಗಿ ಬಗ್ಗಿ ನೋಡುತ್ತಿದ್ದಳು.

“ಇವೇನ್ರಿ ಮೇಡಂ, ಚೌಕಾಬಾರದ ಮನಿ ಇದ್ದಂಗ ಅದಾವ?”

ಹೇಳಿಕೊಟ್ಟೆ. ನಾಲ್ಕೇ ದಿನಕ್ಕೆ ಕಾಕು, “ಆರ್ ಕಡೀಗಿ ಒಗೀರಿ, ಆರ್ ಯಾವಾಗ್ಲೂ ಕಡೀಗೇ ಕೂಡ್ತದ,” ಎನ್ನತೊಡಗಿದಳು. ನಾಲ್ಕನೇ ಇಯತ್ತೆ ಓದಿದ ಹೆಂಗಸಿಗೆ ಇಂಗ್ಲಿಷ್ ಅಕ್ಷರ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ನಕ್ಕಳು.

“ನಾ ಇಂಗ್ರಜಿ ಕಲ್ತಿದ್ದು ಚೀಲದ ಮ್ಯಾಲ್ರಿ. ನಮ್ಮ ಮನಿಯವರಿಗಿ ಓದ್ಲಿಕ್ಕ ಬರಲ್ಲ. ಯೂರಿಯಾ ಯಾವ್ದು, ಪೊಟಾಶ್ ಯಾವ್ದು, ಬಿತ್ತೋ ಬೀಜ ಯಾವ್ದು, ನಾನೇ ಚೀಲ ಓದಿ ಹೇಳಾಕಿ. ಒಮ್ಮಿ ನಾ ತವರಿಗಿ ಹೋದಾಗ ಏನ್ ಬಿತ್ತಿದ್ರೋ ಏನೋ, ಮೂರು ಎಕರೆದಾಗ ಬರೀ ಹುಲ್ಲು.”

ಆಮೇಲೆ ತನ್ನ ಮನೆಯ ಕಿಟಕಿಯ ಕಡೆ ನೋಡುತ್ತ, “ಒಂದ್ ತಾಸು ಮೇಡಂ. ದಿನಾ ಒಂದ್ ತಾಸು ಆಕಿ ಬಾಜೂಕ ಕೂಡ್ಲಿಕ್ಕ ಸಿಕ್ರ ಸಾಕು. ನಾ ಬಂದದ್ದೇ ಅದ್ರ ಸಲ್ಯಾಗಿ,” ಎಂದಳು. ಈ ಮಾತು ದಿನಚರಿಯಲ್ಲಿದೆ. ನಾನು ಕರಗಿದೆ ಎಂದು ನೆನಪು ಹೇಳುತ್ತದೆ. ದಿನಚರಿಯ ಮುಂದಿನ ಸಾಲು ‘ಆಟ ಐದನೇ ಸಲಕ್ಕೆ ಬಂತು’ ಎಂದಿದೆ.

ಸಂಕ್ರಾಂತಿ ಆದ ಮೇಲೆ ನಮ್ಮ ಕಡೆ ಮನೆಮನೆಯಲ್ಲಿ ಅರಿಶಿನ ಕುಂಕುಮದ ಕಾರ್ಯಕ್ರಮ, ಹಳದಿಕುಂಕು. ಬಂದ ಹೆಂಗಸರಿಗೆ ಎಳ್ಳುಬೆಲ್ಲ, ಒಂದು ಡಬ್ಬಿಯೋ ಸೋಸುವ ಜಾಲರಿಯೋ ಉಡುಗೊರೆ, ಆಮೇಲೆ ಆಟ. ಗೆದ್ದವರಿಗೆ ಸೀರೆ. ಪೈಠಣಿ ಎಂದು ಹೇಳಿ ಕೊಡುವ, ಪೈಠಣಕ್ಕೆ ಎಂದೂ ಹೋಗಿರದ ಸೀರೆ. ಈ ಸಲ ನಮ್ಮ ಮನೆಯಲ್ಲಿ ಕುರ್ಚಿಯ ಆಟ ಬೇಡ, ಗಂಡನ ಹೆಸರು ಒಗಟಾಗಿ ಹೇಳುವುದು ಹಳತಾಯಿತು, ಇಂಗ್ಲಿಷ್ ಪದಗಳ ಆಟ ಇಡೋಣ ಎಂದು ನಾನೇ ಠರಾವು ಮಾಡಿದೆ. ಯಾಕೆಂದರೆ ಕುರ್ಚಿಯ ಆಟದಲ್ಲಿ ನಾನು ಮೊದಲ ಸುತ್ತಿಗೇ ಹೊರಬೀಳುತ್ತೇನೆ. ಇದರಲ್ಲಿ ನಾನು ನ್ಯಾಯಾಧೀಶೆ.

ನಿಯಮ ಸರಳ. ಎ, ಓ, ಆರ್ ಮೂರೂ ಇರಬೇಕು, ಒಟ್ಟು ಐದಕ್ಷರ ಇರಬೇಕು. ಸರದಿಯಂತೆ ಒಬ್ಬೊಬ್ಬರೂ ಬೋರ್ಡಿನ ಮೇಲೆ ಒಂದು ಪದ ಬರೆಯಬೇಕು. ಹೇಳಿದ್ದೇ ಹೇಳಿದರೆ ಔಟ್, ತಪ್ಪಿದರೆ ಔಟ್, ಕೊನೆಗೆ ಉಳಿದವರಿಗೆ ಸೀರೆ.

ಆಟ ಶುರುವಾಗುವ ಮುಂಚೆ ಅಶ್ವಿನಿ ನಗುತ್ತಲೇ ಅತ್ತೆಯ ಕಡೆ ತಿರುಗಿದಳು. “ಅತ್ತಿ, ನೀವೂ ಆಡ್ತೀರಿ? ಆಡ್ರಿ ಆಡ್ರಿ. ನೀವು ಗೆದ್ರ ನಾಳಿಂದ ಗೌರಿ ಅಭ್ಯಾಸದ ತಾಸು ನಿಮ್ದೇ.”

“ಎಲ್ಲಾರೂ ಕೇಳೀರಿಲ್ಲೋ?” ಎಂದಳು ಕಾಕು ಸೆರಗು ಸಿಕ್ಕಿಸುತ್ತ. “ಆಮ್ಯಾಲ ಚೇಷ್ಟಾ ಮಾಡಿದ್ದೆ ಅನ್ನಬ್ಯಾಡ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಾಕು ನಗಲಿಲ್ಲ.

ಮೊದಲ ಸರದಿ ಲೈನ್‌ಮನ್ನರ ಹೆಂಡತಿ ಸುರೇಖಾಳದು. ಆಕೆ ಯೋಚಿಸಲೇ ಇಲ್ಲ. ಎದ್ದು ಹೋಗಿ ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ‘ಟ್ರಾನ್ಸ್‌ಫಾರ್ಮರ್’ ಎಂದು ಇಂಗ್ಲಿಷಿನಲ್ಲಿ ಬರೆದಳು. ನಾನು ಔಟ್ ಎಂದೆ.

“ಔಟ್ ಹೆಂಗ್ರಿ?” ಸುರೇಖಾ ಸೊಂಟದ ಮೇಲೆ ಕೈಯಿಟ್ಟಳು. “ಮೋಜಾ ನಾ ಮೇಡಂ! ಎಣಸ್ರಿ! ಟ್ರಾ, ನ್ಸ್, ಫಾ, ರ್ಮ, ರ್. ಪಾಚ! ನಮ್ಮ ಮನಿಯವ್ರು ದಿನಾ ಅದ್ರ ಮ್ಯಾಲ ಹತ್ತತಾರ, ನನಗ ಗೊತ್ತಿಲ್ಲೇನು?”

ಆಕೆ ಹೇಳಿದ್ದು ಸುಳ್ಳಲ್ಲ. ಐದು ಬೆರಳಿಗೆ ಐದು. ನಮ್ಮ ಅಕ್ಷರಗಳ ರೀತಿಯೇ ಹಾಗೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಅದರೊಳಗೆ ಸಕಾರ, ತಕಾರ, ರಕಾರ, ಈಕಾರ ಒಬ್ಬರ ಕಂಕುಳಲ್ಲೊಬ್ಬರು, ಒಬ್ಬರ ಕಾಲಡಿಗೊಬ್ಬರು ಒತ್ತಿಕೊಂಡು, ಸಂತೆಯ ದಿನದ ಔರಾದ ಬಸ್ಸಿನ ಹಾಗೆ ಹೊರಟಿರುತ್ತಾರೆ. ಟಿಕೆಟ್ಟು ಒಂದೇ. ಇಂಗ್ಲಿಷಿನಲ್ಲಿ ಪ್ರತಿಯೊಂದಕ್ಕೂ ಬೇರೆ ಸೀಟು ಕಾದಿರಿಸಬೇಕು. ಕೆಲವು ಅಕ್ಷರಗಳಂತೂ ಸೀಟು ಹಿಡಿದು ಬಾಯಿ ಮುಚ್ಚಿಕೊಂಡು ಕೂತಿರುತ್ತವೆ, ಬೀಗರ ಊಟದಲ್ಲಿ ಸಿಟ್ಟಾದ ಚಿಕ್ಕಪ್ಪನ ಹಾಗೆ. ಛಂದಸ್ಸಿನಲ್ಲಿ ಲಘು ಗುರು ಎಣಿಸಿದವರ ಮೊಮ್ಮಕ್ಕಳು ನಾವು. ನಮಗೆ ಪದದ ಉದ್ದ ಎಂದರೆ ಅದು ಬಾಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದು. ಕಾಗದದ ಮೇಲೆ ಎಷ್ಟು ಜಾಗ ತಿನ್ನುತ್ತದೆ ಎಂಬುದಲ್ಲ. ಇಷ್ಟನ್ನೆಲ್ಲ ನಾನು ಸುರೇಖಾಳಿಗೆ ವಿವರಿಸಬಹುದಿತ್ತು. ‘ಔಟ್ ಅಂದ್ರ ಔಟ್’ ಎಂದೆ. ನ್ಯಾಯಾಧೀಶರಿಗೆ ಚಿಕ್ಕ ವಾಕ್ಯಗಳು ಒಪ್ಪುತ್ತವೆ.

ಎರಡು ಸುತ್ತಿನಲ್ಲಿ ಅರ್ಧ ಮಂದಿ ಔಟಾದರು. ಒಬ್ಬಳು ‘ಮೋಟರ್’ ಬರೆದಳು, ಎ ಇಲ್ಲ. ಇನ್ನೊಬ್ಬಳು ‘ಡಾಕ್ಟರ್’ ಬರೆದಳು. ಕೇಳುವಾಗ ಎ ಇದೆ, ಬರೆಯುವಾಗ ಇಲ್ಲ. ಭಾಗವ್ವ ಕಾಕು ಮೊದಲ ಸುತ್ತಿನಲ್ಲಿ ‘ರೇಡಿಯೋ’ ಬರೆದಳು. “ನನ್ನ ಲಗ್ನದಾಗ ಕೊಟ್ಟಿದ್ರು, ಮ್ಯಾಲ ಬರದಿತ್ತು,” ಎಂದಳು. ಎರಡನೆಯದರಲ್ಲಿ ‘ಸೋಲಾರ್’. ಅದು ತುರೋರಿಯ ಹೊಲದ ಪಂಪಿನ ಮೇಲೆ ಬರೆದಿದ್ದದ್ದು. ಪದಗಳನ್ನು ಬಾಯಿಯಿಂದ ಅಲ್ಲ, ವಸ್ತುಗಳ ಮೈಮೇಲಿಂದ ಕಿತ್ತು ತರುತ್ತಿದ್ದಳು. ಕೊನೆಗೆ ಉಳಿದವರು ಇಬ್ಬರೇ: ಅತ್ತೆ, ಸೊಸೆ. ಕೋಣೆಯಲ್ಲಿ ಎಳ್ಳು ಜಗಿಯುವ ಸದ್ದೂ ನಿಂತಿತು.

ಕಾಕು ಎದ್ದಳು. ಬೋರ್ಡಿನ ಮುಂದೆ ನಿಂತು, ಕಣ್ಣು ಮುಚ್ಚಿ, ಯಾವುದೋ ಚೀಲವನ್ನು ಮನಸ್ಸಿನಲ್ಲೇ ತಿರುವಿ ನೋಡಿದಳು. ಆಮೇಲೆ ನಿಧಾನಕ್ಕೆ ಬರೆದಳು. ಜೆ. ಓ. ಡಬ್ಲ್ಯೂ. ಎ. ಆರ್.

“ಜೋವಾರ್,” ಎಂದಳು.

ನಾನು ಏನು ಹೇಳಿದೆ ಎಂಬುದರ ಬಗ್ಗೆ ನೆನಪಿಗೂ ದಿನಚರಿಗೂ ತಕರಾರಿಲ್ಲ, ಯಾಕೆಂದರೆ ಅಲ್ಲಿದ್ದ ಎಲ್ಲರೂ ಅದನ್ನು ವಾರಗಟ್ಟಲೆ ಆಡಿಕೊಂಡರು. “ಕಾಕು, ಇದು ಇಂಗ್ಲಿಷ್ ಅಲ್ರಿ, ಜವಾರಿ ಅದ,” ಎಂದೆ.

ಎಂಥ ಮಾತು! ಜೋಳಕ್ಕೆ ಮರಾಠಿಯಲ್ಲಿ ಜ್ವಾರಿ. ನಮ್ಮ ಕನ್ನಡದಲ್ಲಿ ಜವಾರಿ ಎಂದರೆ ನಾಟಿ, ಊರಿನದು. ಜವಾರಿ ಆಕಳು, ಜವಾರಿ ಬೀಜ, ಜವಾರಿ ಮಂದಿ. ಒಂದೇ ಮಾತಿನಲ್ಲಿ ಕಾಳನ್ನೂ ಬೈದೆ, ಬರೆದವಳನ್ನೂ ಬೈದೆ. ನನ್ನ ಶ್ಲೇಷೆಗೆ ನಾನೇ ಮರುಳಾದೆ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕಾಕು ಬೋರ್ಡನ್ನು ಇನ್ನೊಮ್ಮೆ ನೋಡಿದಳು.

“ಚೀಲದ ಮ್ಯಾಲ ಹಿಂಗೇ ಇತ್ತಲ್ರಿ ಮೇಡಂ,” ಎಂದಳು.

“ಚೀಲ ಡಿಕ್ಷನರಿ ಅಲ್ರಿ ಕಾಕು.”

ಅಶ್ವಿನಿ ‘ರಾಯಲ್’ ಎಂದು ಬರೆದಳು. ಸೀರೆ ಆಕೆಗೆ ಹೋಯಿತು. ತಾಸೂ ಆಕೆಯಲ್ಲೇ ಉಳಿಯಿತು.

ಆ ದಿನದ ದಿನಚರಿ ಹೀಗಿದೆ: ‘ಹಳದಿಕುಂಕು ಚೆನ್ನಾಗಿ ಆಯಿತು. ಉಪ್ಪಿಟ್ಟಿಗೆ ಉಪ್ಪು ಕಡಿಮೆ. ಎಲ್ಲರೂ ಆಟ ಮೆಚ್ಚಿದರು.’ ಭಾಗವ್ವ ಕಾಕುವಿನ ಹೆಸರೇ ಇಲ್ಲ. ಮರುದಿನದಿಂದ ಐದಕ್ಕೆ ಕಟ್ಟೆ ಖಾಲಿ. ಕಾಕು ಆ ಹೊತ್ತಿಗೆ ಮಠದ ಕಡೆ ಹೋಗಿ ಕೂಡುತ್ತಾಳೆ ಎಂದು ಗೊತ್ತಾಯಿತು. ‘ವಯಸ್ಸಾದವರಿಗೆ ದೇವರ ಧ್ಯಾಸ ಒಳ್ಳೆಯದು’ ಎಂದು ಬರೆದುಕೊಂಡಿದ್ದೇನೆ. ಅಕ್ಷರ ದುಂಡಗಿದೆ.

ನನ್ನ ನೆನಪು ಹೇಳುವುದೇ ಬೇರೆ. ಅದರ ಪ್ರಕಾರ ನಾನು ಮರುದಿನವೇ ನಿಘಂಟು ತೆರೆದೆ, ತಪ್ಪು ಕಂಡೆ, ಓಡಿಹೋಗಿ ಒಪ್ಪಿಕೊಂಡೆ. ಬಹಳ ಸುಂದರವಾದ ನೆನಪು. ಅದರಲ್ಲಿ ನಾನು ಹಸಿರು ಸೀರೆ ಉಟ್ಟಿದ್ದೇನೆ.

ನಡೆದದ್ದು ಇದು. ಹಳದಿಕುಂಕು ಆಗಿ ಒಂಬತ್ತನೇ ದಿನ ಬೆಳಗ್ಗೆ ಆಟದಲ್ಲಿ ಸಿಕ್ಕಿಬಿದ್ದೆ. ಎರಡನೇ ಚೌಕ ಓ, ನಾಲ್ಕನೆಯದು ಎ, ಕೊನೆಯದು ಆರ್, ಮೂರೂ ಹಸಿರು. ಐದು ಸಲ ಮುಗಿದಿತ್ತು, ಒಂದೇ ಉಳಿದಿತ್ತು. ಪೋಲಾರ್ ಹಾಕಿಯಾಗಿತ್ತು, ಎಲ್ ಇಲ್ಲವೆಂದು ಗೊತ್ತಾಗಿತ್ತು. ‘ಸೋನಾರ್’ ಎಂದು ಬಾಯಿಗೆ ಬಂದಿತ್ತು. ಆದರೆ ಸೋನಾರ ಎಂದರೆ ಮರಾಠಿಯಲ್ಲಿ ಅಕ್ಕಸಾಲಿಗ. ಸರಾಫ ಗಲ್ಲಿಯಲ್ಲಿ ಕೂತು ಮೂಗುಬೊಟ್ಟು ಬೆಸೆಯುವವನು ಇಂಗ್ಲಿಷ್ ಆಟದೊಳಗೆ ಏಕೆ ಬಂದಾನು ಎಂದು ಅವನನ್ನು ಬಾಗಿಲಲ್ಲೇ ತಡೆದೆ. ಆಗ ಒಂದು ದುರ್ಬುದ್ಧಿ ಹೊಳೆಯಿತು. ಪಟ್ಟಿಯಲ್ಲಿ ಇಲ್ಲದ ಪದ ಹಾಕಿದರೆ ಆಟ ಅದನ್ನು ತಿರಸ್ಕರಿಸುತ್ತದೆ, ಸರದಿ ಹೋಗುವುದಿಲ್ಲ. ಜೋವಾರ್ ಹಾಕೋಣ, ತಿರಸ್ಕರಿಸಲಿ, ನನ್ನ ತೀರ್ಪಿಗೆ ಒಂದು ಸಾಕ್ಷಿಯಾಗಲಿ. ಒಂಬತ್ತು ದಿನವಾದರೂ ಸಾಕ್ಷಿ ಬೇಕಾಗಿತ್ತು ಎಂಬುದನ್ನು ಗಮನಿಸಿ.

ಆಟ ತಿರಸ್ಕರಿಸಲಿಲ್ಲ. ಚೌಕಗಳು ಒಂದೊಂದೇ ಮಗುಚಿಕೊಂಡವು. ಜೆ ಬೂದಿ, ಓ ಹಸಿರು, ಡಬ್ಲ್ಯೂ ಬೂದಿ, ಎ ಹಸಿರು, ಆರ್ ಹಸಿರು. ಉತ್ತರ ಅದಲ್ಲ, ಆದರೆ ಪದ ಹೌದು. ಲಾತೂರನ್ನು ಒಪ್ಪದ ಯಂತ್ರ ಲಾತೂರಿನ ಜೋಳವನ್ನು ಒಪ್ಪಿತು. ನನ್ನ ಆರನೇ ಸರದಿ ಹೋಯಿತು, ತಿಂಗಳುಗಟ್ಟಲೆ ಕಾಪಾಡಿಕೊಂಡು ಬಂದ ಗೆಲುವಿನ ಸಾಲು ಹರಿಯಿತು. ಕೆಳಗೆ ಉತ್ತರ ಮೂಡಿತು: ಸೋನಾರ್. ನೀರಿನೊಳಗೆ ಸದ್ದು ಕಳಿಸಿ ಹಡಗು ಹುಡುಕುವ ಯಂತ್ರವಂತೆ. ನಿಘಂಟು ತೆಗೆದೆ. ಜೋವಾರ್, ನಾಮಪದ, ಒಂದು ಬಗೆಯ ಧಾನ್ಯ. ನನ್ನ ಕಪಾಟಿನಲ್ಲಿ, ನನ್ನ ಹೆಸರು ಬರೆದಿಟ್ಟ ನಿಘಂಟಿನಲ್ಲಿ, ಅದು ಯಾವ ಜಗಳಕ್ಕೂ ಬಾರದೆ ಕೂತಿತ್ತು.

ಈಗಲಾದರೂ ಓಡಿಹೋದೆನೇ? ಇಲ್ಲ. ಇನ್ನೂ ನಾಲ್ಕು ದಿನ ತಿಂದೆ. ಮೊದಲ ದಿನ, ಜೋವಾರ್ ಮೂಲತಃ ನಮ್ಮದೇ ಪದ, ಅವರು ಒಯ್ದದ್ದು, ಆದ್ದರಿಂದ ನನ್ನ ತೀರ್ಪು ಭಾಷಾಶಾಸ್ತ್ರದ ದೃಷ್ಟಿಯಿಂದ ಸರಿಯೇ ಎಂದುಕೊಂಡೆ. ಎರಡನೇ ದಿನ, ಆಟ ಆಟವೇ ಎಂದುಕೊಂಡೆ. ಮೂರನೇ ದಿನ ನೆಗಡಿ. ನಾಲ್ಕನೇ ದಿನ ಕಿಟಕಿಯಿಂದ ‘ಅತ್ತಿ, ಐದಾತು’ ಎಂಬ ಧ್ವನಿ ಕೇಳಿತು. ಚಪ್ಪಲಿ ಮೆಟ್ಟುವ ಸದ್ದು ಕೇಳಿತು. ಎದ್ದೆ.

ನಿಘಂಟನ್ನು ಎದೆಗೊತ್ತಿಕೊಂಡು ಬಂದ ನನ್ನನ್ನು ನೋಡಿ ಅಶ್ವಿನಿ ಗಾಬರಿಯಾದಳು. ಕಾಕು ಬಾಗಿಲಲ್ಲೇ ನಿಂತಿದ್ದಳು. ಪುಟ ತೆರೆದು ತೋರಿಸಿದೆ. “ಕಾಕು, ತಪ್ಪಾತ್ರಿ. ನೀವು ಬರ್ದಿದ್ದೇ ಸರಿ. ಗೆದ್ದಾಕಿ ನೀವೇ.”

ಕಾಕು ಪುಟದ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಮುಟ್ಟಿದಳು. “ಚೀಲದಾಗ ದೊಡ್ಡಕ ಇತ್ತು. ಇಲ್ಲಿ ಬಾರೀಕ ಹಾಕ್ಯಾರ,” ಎಂದಳು, ಅಷ್ಟೇ.

ಅಶ್ವಿನಿ ಒಳಗೆ ಹೋಗಿ ಸೀರೆ ತಂದಳು. ಘಡಿ ಬಿಚ್ಚಿರಲಿಲ್ಲ. ಆಕೆಯ ಕಣ್ಣು ಕೆಂಪಗಾಗಿತ್ತು ಎಂದು ನೆನಪು, ದಿನಚರಿ ಸುಮ್ಮನಿದೆ.

“ಸೀರಿ ನೀನೇ ಉಡು, ನಿನಗ ಛಲೋ ಕಾಣ್ತದ,” ಎಂದಳು ಕಾಕು. “ನನಗ ತಾಸು ಕೊಡು.”

ಅಶ್ವಿನಿ ನನ್ನ ಮುಖ ನೋಡಿದಳು, ಗೌರಿಯ ಮುಖ ನೋಡಿದಳು. “ಒಂದ್ ವಾರ ನೋಡೋಣ್ರಿ ಅತ್ತಿ. ಆದ್ರ ವಹಿದಾಗ ಒಂದ್ ಕೆಂಪು ಕಾಟಾ ಬಂತಂದ್ರ ಮುಗೀತು. ಫೀಗಿಂತ ನನಗ ಆ ಕಾಟಾದ್ದೇ ಅಂಜಿಕಿ.”

ವಹಿ ಎಂದರೆ ನೋಟ್‌ಬುಕ್, ಕಾಟಾ ಎಂದರೆ ತಪ್ಪಿನ ಗುರುತು. ನಾಲ್ಕು ದಿನ ಬರಲಿಲ್ಲ. ಐದನೇ ದಿನ ಶಾಲೆಯವರು, ಪ್ರತಿ ಅಕ್ಷರಕ್ಕೂ ನಿಮ್ಮ ಮನೆಯಲ್ಲಿರುವ ಒಂದು ವಸ್ತು ಅಂಟಿಸಿ ಹೆಸರು ಬರೆಯಿರಿ ಎಂದು ಕೆಲಸ ಕೊಟ್ಟರು. ಆವತ್ತಿನ ಅಕ್ಷರ ಜೆ. ಅಜ್ಜಿ ಮೊಮ್ಮಗಳು ತುರೋರಿಯಿಂದ ಬಂದ ತೆನೆಯಿಂದ ಕಾಳು ಉದುರಿಸಿ, ಗೋಂದು ಹಚ್ಚಿ, ಪುಟದ ತುಂಬ ಅಂಟಿಸಿದರು. ಕೆಳಗೆ ಗೌರಿ ದಪ್ಪ ಅಕ್ಷರದಲ್ಲಿ ಬರೆದಳು: ಜೋವಾರ್. ಮರುದಿನ ವಹಿ ವಾಪಸು ಬಂತು. ಜೋಳದ ಮೇಲೆ ಅಡ್ಡಡ್ಡ ಕೆಂಪು ಕಾಟಾ. ಕೆಳಗೆ ಕೆಂಪಿನಲ್ಲೇ ‘ಜಗ್’ ಎಂದು ತಿದ್ದಿತ್ತು.

“ನೋಡ್ರಿ,” ಎಂದು ಅಶ್ವಿನಿ ಅಂದದ್ದು ನಮ್ಮ ಕಿಟಕಿಗೆ ಕೇಳಿತು. ಆಕೆ ಗೆದ್ದ ಧ್ವನಿಯಲ್ಲಿ ಅಲ್ಲ, ಹೆದರಿದ ಧ್ವನಿಯಲ್ಲಿ ಅಂದಳು.

ಕಾಕು ವಹಿ ತೆಗೆದುಕೊಂಡು ನೆಟ್ಟಗೆ ನಮ್ಮ ಮನೆಗೆ ಬಂದಳು. “ಮೇಡಂ, ಆ ದೊಡ್ಡ ಪುಸ್ತಕ ತಗೋರಿ. ನಡೀರಿ ಸಾಲಿಗಿ.”

ಜೋವಾರ್ ಇಂಗ್ಲಿಷ್ ಅಲ್ಲ ಎಂದು ತೀರ್ಪು ಕೊಟ್ಟವಳು, ಮೂರು ವಾರದೊಳಗೆ ಜೋವಾರ್ ಪರ ವಕೀಲಳಾಗಿ ಮರುದಿನ ಶಾಲೆ ಬಿಡುವ ಹೊತ್ತಿಗೆ ಕಾಕುವಿನ ಜೊತೆ ಹೊರಟೆ. ನಿಘಂಟು ಭಾರವಿತ್ತು. ದಾರಿಯಲ್ಲಿ ಒಂದು ಭಾಷಣ ತಯಾರು ಮಾಡಿಕೊಂಡೆ: ಈಗಿನ ಶಿಕ್ಷಕರು ನಿಘಂಟು ನೋಡುವುದಿಲ್ಲ, ಮಕ್ಕಳ ಮನಸ್ಸು ಎಷ್ಟು ಕೋಮಲ, ಒಂದು ಕೆಂಪು ಗೆರೆ ಏನು ಮಾಡಬಲ್ಲದು, ಇತ್ಯಾದಿ. ಬಹಳ ಒಳ್ಳೆಯ ಭಾಷಣ.

ಗೌರಿಯ ತರಗತಿಯ ರೇಷ್ಮಾ ಮಿಸ್ ನನ್ನನ್ನು ಕಂಡ ಕೂಡಲೇ ಎದ್ದು ನಿಂತಳು. ಔರಾದದಿಂದ ದಿನಾ ಓಡಾಡುವ ಹುಡುಗಿ. ನಮ್ಮ ಕಾಲೇಜಿನಲ್ಲೇ ಓದಿದವಳಂತೆ, ನನ್ನ ವಿದ್ಯಾರ್ಥಿನಿ. ನನಗೆ ಗುರುತು ಸಿಗಲಿಲ್ಲ. ಸಿಕ್ಕಿತು ಎಂದು ನಕ್ಕೆ. ವಹಿ ತೆರೆದು, ನಿಘಂಟು ತೆರೆದು, ಎರಡನ್ನೂ ಮೇಜಿನ ಮೇಲೆ ಇಟ್ಟೆ. ಆಕೆ ಓದಿದಳು. ಮುಖದಲ್ಲಿ ಏನೋ ಬಂದು ಹೋಯಿತು.

“ಹಂಗಾದ್ರ ಇದು ಸರಿ ಅದೇನ್ರಿ ಮೇಡಂ?”

“ಸರಿ ಅದ. ನೀವು ಒಮ್ಮಿ ನೋಡಿ ಕಾಟಾ ಹಾಕಬೇಕಿತ್ತು ನೋಡವ್ವ,” ಎಂದು ಭಾಷಣದ ಮೊದಲ ವಾಕ್ಯ ತೆಗೆದೆ.

“ಇಲ್ರಿ ಮೇಡಂ, ನಾ ನೋಡ್ಲಿಲ್ಲ. ನನಗ ಗೊತ್ತಿತ್ತು,” ಎಂದಳು ರೇಷ್ಮಾ. “ಹನ್ನೊಂದನೇದಾಗ ನಿಬಂಧದಾಗ ನಮ್ಮ ಹೊಲದ ಮ್ಯಾಲ ಬರ್ದಿದ್ದೆ. ಜೋವಾರ್ ಅಂತ ಬರ್ದಿದ್ದೆ. ನೀವೇ ಕಾಟಾ ಹಾಕಿ, ಬಾಜೂಕ ‘ಇದು ಇಂಗ್ಲಿಷ್ ಪದ ಅಲ್ಲ’ ಅಂತ ಬರ್ದ್ರಿ. ಆವತ್ತಿಂದ ನಾ ಮರ್ತಿಲ್ಲ.”

ಮನೆಗೆ ಬಂದು ಆ ವರ್ಷಗಳ ದಿನಚರಿಗಳನ್ನೆಲ್ಲ ತಿರುವಿದೆ. ಎಲ್ಲೂ ಇಲ್ಲ. ಇರುವುದು ಸಾಧ್ಯವೂ ಇಲ್ಲ. ಒಂದು ಕಂತೆ ಪೇಪರಿನಲ್ಲಿ ಎಷ್ಟು ಗೆರೆ ಎಳೆದೆ ಎಂದು ಯಾರು ಬರೆದಿಡುತ್ತಾರೆ? ನೆನಪಿನ ಮೇಲೆ ನನಗೆ ಇರುವ ಅನುಮಾನಗಳೆಲ್ಲ ನನ್ನ ನೆನಪಿನ ಮೇಲಿನ ಅನುಮಾನಗಳು ಮಾತ್ರ ಎಂದು ಆಗ ತಿಳಿಯಿತು. ರೇಷ್ಮಾಳದನ್ನು ನಂಬದೆ ಉಪಾಯವಿಲ್ಲ. ಕೆಂಪು ಶಾಯಿ ಹಚ್ಚಿದವರ ಕೈಯಿಂದ ಅದೇ ದಿನ ತೊಳೆದುಹೋಗುತ್ತದೆ. ಹಚ್ಚಿಸಿಕೊಂಡವರಲ್ಲಿ ಅದು ಒಣಗುವುದೇ ಇಲ್ಲ.

ಆದರೆ ಅದು ಆಮೇಲಿನ ಮಾತು. ಆವತ್ತು ಮೇಜಿನ ಮೇಲಿನ ನಿಘಂಟನ್ನು ಮುಚ್ಚಿದೆ. ಭಾಗವ್ವ ಕಾಕು ನಡುವೆ ಬಂದಳು.

“ಇರ್ಲಿ ತಗೀರಿ. ಮೊದಲ ನನ್ನ ಹುಡುಗಿದು ತಿದ್ದವ್ವ.”

ರೇಷ್ಮಾ ಕಾಟಾದ ಮೇಲೆ ಸರಿ ಗುರುತು ಹಾಕಿ ಸಹಿ ಮಾಡಿದಳು. ‘ಜಗ್’ ಮೇಲೆ ಗೀಚಿ ಹೊಡೆದುಹಾಕಿದಳು. ಎರಡು ಕಾಳು ಉದುರಿದವು, ಗೌರಿ ಹೆಕ್ಕಿಕೊಂಡಳು.

“ಈಗ ನಿಂದೂ ತಿದ್ದಿಸ್ಕೊಂಡು ಬಿಡು,” ಎಂದಳು ಕಾಕು ರೇಷ್ಮಾಳಿಗೆ. “ಮೇಡಂ ಇಲ್ಲೇ ಅದಾರ. ಮತ್ತ್ ಯಾವಾಗ ಸಿಗ್ತಾರೋ.”

ತಮಾಷೆಗೆ ಅಂದದ್ದು. ಆದರೆ ರೇಷ್ಮಾ ಒಂದು ಹಾಳೆ ಹರಿದು, ಅದರ ಮೇಲೆ ಆ ಐದು ಅಕ್ಷರ ಬರೆದು, ಕೆಂಪು ಪೆನ್ನನ್ನು ನನ್ನ ಕೈಗೆ ಕೊಟ್ಟಳು. ನಾನು ಸರಿ ಗುರುತು ಹಾಕಿದೆ. ಆಕೆ ಹಾಳೆಯನ್ನು ಮಡಿಚಿ ಪರ್ಸಿನಲ್ಲಿ ಇಟ್ಟುಕೊಂಡಳು. ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಹೊರಗೆ ಬಂದೆವು. ವಹಿ ಕಾಕುವಿನ ಸೆರಗಿನೊಳಗೆ ಭದ್ರವಾಗಿತ್ತು; ಅಶ್ವಿನಿಗೆ ತೋರಿಸಲು ಈಗ ಸಹಿ ಇತ್ತು, ಇನ್ನು ತಾಸನ್ನು ಯಾರೂ ಕಸಿಯುವಂತಿರಲಿಲ್ಲ. ಗೌರಿ ಅಜ್ಜಿಯ ಕೈ ಹಿಡಿದು ಕುಣಿಯುತ್ತ ನಡೆದಿದ್ದಳು.

“ಆಯಿ, ನಾಳಿಗಿ ಕೆ ಅದ. ಕೆ ಫಾರ್ ಏನು?”

ನನ್ನ ಬಾಯಿ ತಯಾರಾಗಿತ್ತು. ಕೆ ಫಾರ್ ಕಿಂಗ್, ಕೆ ಫಾರ್ ಕಾಂಗರೂ. ನಿಲಂಗಾದಲ್ಲಿ ರಾಜನೂ ಇಲ್ಲ, ಕಾಂಗರೂ ಅಂತೂ ಸಂತೆಗೂ ಬಂದಿಲ್ಲ. ಆದರೂ ಇಷ್ಟು ವರ್ಷ ಬಾಯಿಗೆ ಬಂದದ್ದು ಅವೇ. ಕಾಕು ನನ್ನ ಕಡೆ ಒಮ್ಮೆ ನೋಡಿ, ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಮೇಡಂನ ಆಮ್ಯಾಲ ಕೇಳೋಣು. ಮೊದಲ ಮನ್ಯಾಗ ಏನೇನದ ನೋಡೋಣು ನಡಿ.”

ನಾನು ನಿಘಂಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಿಸಿಕೊಂಡು, ಬಾಯಿ ಮುಚ್ಚಿಕೊಂಡು, ಅವರ ಹಿಂದೆ ನಡೆದೆ.